ಕೈ ಹಾಕುವ ಮುನ್ನ

ನಮ್ಮ ಮನೆಗೆ ಮೊದಲ ಕಂಪ್ಯೂಟರು ಬಂದದ್ದು 2004ರಲ್ಲಿ. ಅಬ್ಬಾ ಆ ವರ್ಷ ನಿವೃತ್ತರಾಗಿದ್ದರು. ಕನಕಪುರದ ಕಡೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಮೇಷ್ಟ್ರಾಗಿದ್ದವರು. ಕೈಗೆ ಬಂದ ಹಣದಲ್ಲಿ ವಸಂತಪುರದ ಎರಡು ಕೋಣೆಯ ಮನೆಯನ್ನು ಮುಗಿಸಿ, ಉಳಿದದ್ದರಲ್ಲಿ ಒಂದು ಕಂಪ್ಯೂಟರು ತರೋಣ ಎಂದರು. ಮಕ್ಕಳಾದ ನಮಗೆ ಅದು ಕಾಲೇಜಿನ ಓದಿಗೆ ಬೇಕಿತ್ತು. ಅವರಿಗೆ ಬೇರೆಯೇ ಒಂದು ಉದ್ದೇಶವಿತ್ತು. ಅದು ನಮಗೆ ಆಮೇಲೆ ತಿಳಿಯಿತು.

ಎಸ್.ಪಿ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ನಮ್ಮ ಕಣ್ಣೆದುರೇ ಬಿಡಿಭಾಗಗಳನ್ನು ಜೋಡಿಸಿಕೊಟ್ಟರು. ಪೆಂಟಿಯಂ 4 ಪ್ರೊಸೆಸರ್, 256 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್, ಹದಿನೇಳು ಇಂಚಿನ ಭಾರದ ಮಾನಿಟರು. ಆ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕನಕಪುರ ರಸ್ತೆಯುದ್ದಕ್ಕೂ ಬಂದದ್ದು ಇನ್ನೂ ನೆನಪಿದೆ. ಆಗಿನ ವಸಂತಪುರವೆಂದರೆ ವಸಂತವಲ್ಲಭರಾಯ ಸ್ವಾಮಿಯ ಗುಡಿ, ಅದರ ಸುತ್ತಿನ ಹಳೆಯ ಊರು, ಅದರಾಚೆಗೆ ಅರ್ಧ ಕಟ್ಟಿದ ಮನೆಗಳು, ಜಲ್ಲಿ ರಾಶಿ, ಮಣ್ಣಿನ ರಸ್ತೆ. ಒಂದು ಲಾರಿ ಹೋದರೆ ಮನೆಯೊಳಗಿನ ಸಾಮಾನಿನ ಮೇಲೆಲ್ಲ ಕೆಂಪು ಧೂಳು. ಅಮ್ಮಿ ಕಂಪ್ಯೂಟರಿಗೆ ಹಳೆಯ ದುಪಟ್ಟಾದಿಂದ ಒಂದು ಮುಸುಕು ಹೊಲಿದಿದ್ದರು.

ಮೊದಲ ತೊಂದರೆ ಕಂಡದ್ದೂ ಅಮ್ಮಿಗೇ. ಒರೆಸುವಾಗ ಕ್ಯಾಬಿನೆಟ್ಟಿಗೆ ಕೈ ತಗುಲಿ 'ಜುಮ್' ಎಂದಿತು ಎಂದರು. ನಾವು ನಕ್ಕೆವು. ಕಾಲಿಗೆ ಚಪ್ಪಲಿ ಹಾಕಿಕೊಂಡೇ ಕಂಪ್ಯೂಟರಿನ ಮುಂದೆ ಕುಳಿತಿರುತ್ತಿದ್ದ ನಮಗೆ ಅದು ಗೊತ್ತಾಗಿರಲಿಲ್ಲ. ಬರಿಗಾಲಲ್ಲಿ ನಿಂತು ಮುಟ್ಟಿ ನೋಡಿದಾಗ ನಗು ನಿಂತಿತು. ಅಬ್ಬಾ ಎಲೆಕ್ಟ್ರೀಷಿಯನ್ ಒಬ್ಬರನ್ನು ಕರೆಸಿದರು. ಅವರು ಹೋಲ್ಡರಿಗೆ ಬಲ್ಬು ಸಿಕ್ಕಿಸಿದ ಟೆಸ್ಟ್ ಲ್ಯಾಂಪು ಹಿಡಿದು ಫೇಸಿಗೂ ನ್ಯೂಟ್ರಲಿಗೂ ಇಟ್ಟರು. ಬಲ್ಬು ಉರಿಯಿತು. ಫೇಸಿಗೂ ಅರ್ಥಿಗೂ ಇಟ್ಟರು. ಉರಿಯಲಿಲ್ಲ. ಮನೆ ಕಟ್ಟಿಸಿಕೊಟ್ಟ ಗುತ್ತಿಗೆದಾರರು ಗೋಡೆಯಲ್ಲಿ ಮೂರು ತೂತಿನ ಸಾಕೆಟ್ಟು ಕೂರಿಸಿದ್ದರು, ಆದರೆ ಮೂರನೆಯ ತೂತಿನ ತಂತಿ ಎಲ್ಲಿಗೂ ಹೋಗಿರಲಿಲ್ಲ. ಅಂಗಳದಲ್ಲಿ ಅರ್ಥ್ ಗುಂಡಿಯೇ ಇರಲಿಲ್ಲ.

ಇದನ್ನು ಸ್ವಲ್ಪ ವಿವರಿಸಬೇಕು. ಈಗಲೂ ಎಷ್ಟೋ ಮನೆಗಳಲ್ಲಿ ಇದೇ ಸ್ಥಿತಿಯಿದೆ. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ, ಕರೆಂಟಿನಲ್ಲಿರುವ ಗದ್ದಲವನ್ನು ನೆಲಕ್ಕೆ ಇಳಿಸಲೆಂದು ಸಣ್ಣ ಕೆಪಾಸಿಟರುಗಳನ್ನು ಇಟ್ಟಿರುತ್ತಾರೆ. ಅವು ಕ್ಯಾಬಿನೆಟ್ಟಿನ ತಗಡಿಗೆ ಸೇರಿರುತ್ತವೆ, ತಗಡು ಅರ್ಥ್ ತಂತಿಗೆ. ಅರ್ಥ್ ಇಲ್ಲದಿದ್ದರೆ 230 ವೋಲ್ಟಿನ ಸುಮಾರು ಅರ್ಧ ಆ ತಗಡಿನ ಮೇಲೆ ನಿಂತುಬಿಡುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಜುಮ್ಮೆನ್ನುತ್ತದೆ, ಅಷ್ಟೇ. ಆದರೆ ಮುಂದೊಂದು ದಿನ ಒಳಗಿನ ಫೇಸ್ ತಂತಿಯೇ ತಗಡಿಗೆ ತಗುಲಿತು ಎನ್ನಿ. ಅರ್ಥ್ ಇದ್ದರೆ ಫ್ಯೂಸು ಹಾರಿ ಎಲ್ಲ ನಿಲ್ಲುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಜುಮ್ಮೆನ್ನುವುದು ಕಂಪ್ಯೂಟರಿನ ದೋಷವಲ್ಲ, ಮನೆಯ ದೋಷ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಜಂಕ್ಷನ್ ಬಾಕ್ಸಿಗೆ ಒತ್ತಿ ಕೂರಿಸುವವರು, ದಪ್ಪ ಪಿನ್ನನ್ನೇ ಮುರಿಯುವವರು ದಯವಿಟ್ಟು ಇದನ್ನು ನೆನಪಿಡಬೇಕು. ನಮ್ಮ ಅಂಗಳದಲ್ಲಿ ಗುಂಡಿ ತೋಡಿಸಿದ್ದಾಯಿತು. ಬೇಸಿಗೆಯಲ್ಲಿ ಗಿಡಗಳಿಗೆ ನೀರು ಹಾಕುವಾಗ ಅಮ್ಮಿ ಅದಕ್ಕೂ ಒಂದು ಕೊಡ ಸುರಿಯುತ್ತಾರೆ. ನೆಲ ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ ಎಂದು ಆ ಎಲೆಕ್ಟ್ರೀಷಿಯನ್ ಹೇಳಿದ ಮಾತನ್ನು ಅವರು ಮರೆತಿಲ್ಲ.

ಇದಾದ ಮೇಲೆ ಕೋಣನಕುಂಟೆ ಕ್ರಾಸಿನ ಹತ್ತಿರ ಒಂದು ಮಳಿಗೆಯ ಮೂಲೆಯಲ್ಲಿ ಕುಳಿತು ಕಂಪ್ಯೂಟರು ರಿಪೇರಿ ಮಾಡುತ್ತಿದ್ದ ಪಾಂಡವಪುರ ಕಡೆಯ ಹುಡುಗನೊಬ್ಬನ ಪರಿಚಯವಾಯಿತು. ಮನೆಗೆ ಬಂದರೆ ಅಬ್ಬಾರನ್ನು "ಮೇಷ್ಟ್ರೇ" ಎಂದೇ ಕರೆಯುತ್ತಿದ್ದ. ಅಬ್ಬಾ ಅವನಿಗೆ "ಏನಪ್ಪಾ, ಊಟ ಆಯ್ತಾ?" ಎಂದು ಕೇಳದೆ ಕಂಪ್ಯೂಟರಿನ ಮಾತೆತ್ತುತ್ತಿರಲಿಲ್ಲ. ಅವನು ಕೆಲಸ ಮಾಡುವಾಗ ನಾವು ಸುತ್ತ ಕುಳಿತು ನೋಡುತ್ತಿದ್ದೆವು. ಕೆಲವು ರಿಪೇರಿಯವರಿಗೆ ಇದು ಇಷ್ಟವಾಗುವುದಿಲ್ಲ. ಅವನು ಮಾತ್ರ ಮಾಡುತ್ತ ಮಾಡುತ್ತ ಹೇಳಿಕೊಡುತ್ತಿದ್ದ.

ಅವನ ಮೊದಲ ಪಾಠವೆಂದರೆ ಗೋಡೆಯಿಂದ ಶುರುಮಾಡುವುದು. ಗೋಡೆಯ ಸಾಕೆಟ್ಟಿನಲ್ಲಿ ಕರೆಂಟಿದೆಯೇ? ಮೊಬೈಲ್ ಚಾರ್ಜರ್ ಹಾಕಿ ನೋಡಿ. ಯುಪಿಎಸ್ ಬಿಟ್ಟು ನೇರ ಗೋಡೆಗೆ ಹಾಕಿದರೆ ಕಂಪ್ಯೂಟರು ಬರುತ್ತದೆಯೇ? ಯುಪಿಎಸ್ಸಿನ ಬ್ಯಾಟರಿಗೆ ಎರಡು ಮೂರು ವರ್ಷದ ಆಯಸ್ಸು, ಬಹಳ ಸಲ ಸತ್ತಿರುವುದು ಅದೇ. ಕೇಬಲ್ ಸಡಿಲವಾಗಿದೆಯೇ? ಕ್ಯಾಬಿನೆಟ್ಟಿನ ಹಿಂದಿನ ಸ್ವಿಚ್ಚನ್ನು ಮಕ್ಕಳು ಒತ್ತಿದ್ದಾರೆಯೇ? ಇಷ್ಟು ನೋಡಿದ ಮೇಲೆ ಒಳಗೆ. ಎರಡನೆಯ ಪಾಠ, ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಕಿತ್ತು ಜೋಡಿಸಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮೂರನೆಯದು, ಪ್ಲಗ್ಗು ಕಿತ್ತು, ಬರಿ ತಗಡನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಕಳೆದುಕೊಂಡ ಮೇಲೆಯೇ ಒಳಗೆ ಕೈ. ನಾಲ್ಕನೆಯದನ್ನು ಅವನು ಬೆರಳೆತ್ತಿ ಹೇಳಿದ: ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ನಮ್ಮ ಊರಿನ ಧೂಳು ಈ ಪಾಠಗಳಿಗೆ ಬೇಕಾದಷ್ಟು ಅಭ್ಯಾಸ ಒದಗಿಸಿತು. ಕಂಪ್ಯೂಟರು ಆನ್ ಮಾಡಿದರೆ ಪರದೆ ಕಪ್ಪಾಗಿಯೇ ಇದ್ದು, ಒಳಗಿನಿಂದ ಬೀಪ್ ಬೀಪ್ ಎಂಬ ಕೂಗು. ಕೂಗಿನ ಲೆಕ್ಕ ಬೋರ್ಡಿನಿಂದ ಬೋರ್ಡಿಗೆ ಬೇರೆ, ಪುಸ್ತಿಕೆಯಲ್ಲಿ ಬರೆದಿರುತ್ತದೆ. ನಮ್ಮದರಲ್ಲಿ ಅದು ರ‍್ಯಾಮ್ ಸಿಗುತ್ತಿಲ್ಲ ಎಂಬ ಕೂಗು. ರ‍್ಯಾಮ್ ಪಟ್ಟಿಯನ್ನು ತೆಗೆದು, ಅದರ ಅಂಚಿನ ಹಳದಿ ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ರಬ್ಬರಿನ ಪುಡಿ ಕೊಡವಿ, ಎರಡೂ ಕಡೆಯ ಹಿಡಿಗಳು 'ಟಕ್' ಎನ್ನುವವರೆಗೆ ಒತ್ತಿ ಕೂರಿಸಿದರೆ ಹತ್ತರಲ್ಲಿ ಏಳು ಸಲ ಸರಿಹೋಗುತ್ತಿತ್ತು. ಇನ್ನು ಕೆಲವು ದಿನ ಅರ್ಧ ಗಂಟೆ ನಡೆದು ತಾನೇ ಆರಿಹೋಗುತ್ತಿತ್ತು. ಪ್ರೊಸೆಸರಿನ ಮೇಲಿನ ಫ್ಯಾನಿನ ಕೆಳಗೆ ಧೂಳು ಕಂಬಳಿಯ ಹಾಗೆ ಹಾಸಿಕೊಂಡು ಗಾಳಿಯೇ ಆಡದೆ, ಕಾವು ನೂರು ಡಿಗ್ರಿಯ ಹತ್ತಿರ ಹೋದಾಗ ಅದು ತನ್ನನ್ನು ಕಾಪಾಡಿಕೊಳ್ಳಲು ನಿಲ್ಲುತ್ತದೆ. ಫ್ಯಾನು ಗಿರಗಿರ ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡು, ಪೇಂಟ್ ಬ್ರಷ್ಷಿನಿಂದ ಗುಡಿಸಿದರೆ ಸಾಕು.

2006ರ ಬೇಸಿಗೆಯಲ್ಲಿ ಮಾತ್ರ ಇದ್ಯಾವುದಕ್ಕೂ ಬಗ್ಗಲಿಲ್ಲ. ಮಧ್ಯಾಹ್ನವಾದರೆ ಕಂಪ್ಯೂಟರು ಸ್ತಬ್ಧ. ಆ ಹುಡುಗ ಬಂದು ಮದರ್‌ಬೋರ್ಡಿಗೆ ಟಾರ್ಚು ಹಿಡಿದು ತೋರಿಸಿದ. ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳ ತಲೆ ಸಪಾಟಾಗಿರಬೇಕು. ಆರರದ್ದು ಪೂರಿಯ ಹಾಗೆ ಉಬ್ಬಿತ್ತು, ಎರಡರಿಂದ ಕಂದು ಬಣ್ಣದ ದ್ರವ ಒಸರಿತ್ತು. ಅದು ನಮ್ಮ ಮನೆಯೊಂದರ ಕಥೆಯಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಒಳಗಿನ ರಾಸಾಯನಿಕದ ಮಿಶ್ರಣ ಸರಿಯಿಲ್ಲದ ಕೆಪಾಸಿಟರುಗಳು ಜಗತ್ತಿನಾದ್ಯಂತ ಕಂಪ್ಯೂಟರುಗಳೊಳಗೆ ಸೇರಿಕೊಂಡಿದ್ದವು. 2005ರಲ್ಲಿ ಡೆಲ್ ಕಂಪನಿಯೊಂದೇ ಇಂಥವನ್ನು ಸರಿಪಡಿಸಿಕೊಡಲು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಒಂದು ಅಂಗಡಿಯಲ್ಲಿ ನಮಗೆ "ಬೋರ್ಡು ಹೋಗಿದೆ, ಹೊಸದು ಹಾಕಿಸಿ" ಎಂದಿದ್ದರು. ಈ ಹುಡುಗ ಸಂಜೆಯವರೆಗೆ ಕುಳಿತು ಆರನ್ನೂ ಬದಲಿಸಿ ಬೆಸುಗೆ ಹಾಕಿ ಮುನ್ನೂರು ರೂಪಾಯಿ ತೆಗೆದುಕೊಂಡ. ಆ ಬೋರ್ಡು ಮತ್ತೆ ಆರು ವರ್ಷ ನಡೆಯಿತು.

ಅಷ್ಟು ಹೊತ್ತಿಗೆ ಅಬ್ಬಾರ ಉದ್ದೇಶ ನಮಗೆ ತಿಳಿದಿತ್ತು. ಅವರು ನುಡಿ ತಂತ್ರಾಂಶ ಹಾಕಿಸಿಕೊಂಡು, ಒಂದು ಬೆರಳಿನಲ್ಲಿ, ದಿನಕ್ಕೆ ಅರ್ಧ ಪುಟದಂತೆ ಬರೆಯುತ್ತಿದ್ದರು. ತಾವು ಪಾಠ ಹೇಳಿದ ಹಳ್ಳಿಗಳ ಕಥೆ. ರೇಷ್ಮೆ ಹುಳು ಹಣ್ಣಾಗುವ ದಿನಗಳಲ್ಲಿ ಶಾಲೆ ಖಾಲಿಯಾಗುತ್ತಿದ್ದದ್ದು, ಮಳೆಗಾಲದಲ್ಲಿ ಅರ್ಕಾವತಿ ತುಂಬಿದಾಗ ಆಚೆ ದಡದ ಗೌಡರ ಮನೆಯಲ್ಲಿ ಮೂರು ದಿನ ಉಳಿದದ್ದು, ಹಿಪ್ಪುನೇರಳೆ ತೋಟದವರು ಬಳಸುತ್ತಿದ್ದ, ನಿಘಂಟಿನಲ್ಲಿ ಅವರಿಗೆ ಸಿಗದ ಮಾತುಗಳು. ನಾವು ಹಿಂದಿನಿಂದ ಹಾದುಹೋಗುವಾಗ ಒಂದೆರಡು ಸಾಲು ಓದುತ್ತಿದ್ದೆವು. "ಮುಗಿಯಲಿ, ಆಮೇಲೆ ಓದಿ" ಎನ್ನುತ್ತಿದ್ದರು. ಏಳು ವರ್ಷ ಬರೆದರು. 2011ರ ಕೊನೆಯಲ್ಲಿ ತೀರಿಕೊಂಡರು.

ಕೆಲವು ತಿಂಗಳ ನಂತರ, 2012ರಲ್ಲಿ, ಒಂದು ರಾತ್ರಿ ಆ ಕಂಪ್ಯೂಟರಿನಿಂದ ಹೊಸ ಸದ್ದು ಬಂತು. ಟಕ್... ಟಕ್... ಟಕ್. ವಿಂಡೋಸ್ ಬರಲಿಲ್ಲ. ಆ ಹೊತ್ತಿಗೆ ನಾವು ನಮ್ಮನ್ನು ಅರ್ಧ ಮೆಕ್ಯಾನಿಕ್ಕುಗಳೆಂದೇ ತಿಳಿದಿದ್ದೆವು. ರ‍್ಯಾಮ್ ಉಜ್ಜಿದ್ದೇವೆ, ಫ್ಯಾನು ಬದಲಿಸಿದ್ದೇವೆ, ಇದೇನು ಮಹಾ ಎಂದುಕೊಂಡೆವು. ಆರಿಸಿ ಹಾಕಿದೆವು, ಮತ್ತೆ ಆರಿಸಿ ಹಾಕಿದೆವು, ಇಪ್ಪತ್ತು ಸಲವಾದರೂ ಆಗಿರಬೇಕು. ಹಾರ್ಡ್ ಡಿಸ್ಕನ್ನು ಬಿಚ್ಚಿ ಅಂಗೈಯಿಂದ ತಟ್ಟಿದೆವು. ಗೆಳೆಯರೊಬ್ಬರು ಹೇಳಿದರೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟೆವು. ಮರುದಿನ ಒಂದು ಅಂಗಡಿಗೆ ಒಯ್ದಾಗ ಅವರು ಯಾವುದೋ ಸಾಫ್ಟ್‌ವೇರ್ ಹಾಕಿ ಎರಡು ದಿನ ಓಡಿಸಿದರು. ಆ ನಮ್ಮ ರಿಪೇರಿ ಹುಡುಗನಿಗೆ ಒಂದು ಫೋನು ಮಾಡಬೇಕೆಂದು ನಮಗೆ ಹೊಳೆಯಲೇ ಇಲ್ಲ. ಹೊಳೆಯಲಿಲ್ಲ ಎನ್ನುವುದಕ್ಕಿಂತ, ಅಗತ್ಯವಿಲ್ಲ ಎಂದುಕೊಂಡೆವು ಎಂದರೆ ಸರಿ.

ಕೊನೆಗೆ ಡೇಟಾ ರಿಕವರಿ ಮಾಡುವವರಲ್ಲಿಗೆ ಹೋದಾಗ ಅವರು ಡಿಸ್ಕನ್ನು ತೆರೆದು ತೋರಿಸಿದರು. ಕನ್ನಡಿಯಂಥ ತಟ್ಟೆಯ ಮೇಲೆ ಬಳೆಯ ಹಾಗೆ ಒಂದು ಗೀರು. ಹಾರ್ಡ್ ಡಿಸ್ಕಿನಲ್ಲಿ ಆ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಅದನ್ನು ಓದುವ ಹೆಡ್ಡು ತಟ್ಟೆಗೆ ತಾಗದೆ, ಕೂದಲಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಹೆಡ್ಡು ಕೆಟ್ಟು, ಓದಲಾಗದೆ ಮತ್ತೆ ಮತ್ತೆ ತನ್ನ ಜಾಗಕ್ಕೆ ಹಿಂದಿರುಗುವುದೇ ಆ 'ಟಕ್'. ಕೆಟ್ಟ ಹೆಡ್ಡು ತಟ್ಟೆಗೆ ತಾಗಿದ್ದರೆ, ಪ್ರತಿ ಸಲ ಆನ್ ಮಾಡಿದಾಗಲೂ ಅದು ಬರೆದದ್ದನ್ನು ಕೆರೆದು ಪುಡಿ ಮಾಡುತ್ತದೆ. ಫ್ರೀಜರಿನಿಂದ ತೆಗೆದಾಗ ಒಳಗೆ ಕೂರುವ ತೇವ ಇನ್ನೊಂದು ಹಾನಿ. "ಮೊದಲ ಸಲ ಸದ್ದು ಬಂದಾಗಲೇ ಆರಿಸಿ ತಂದಿದ್ದರೆ ಏನಾದರೂ ಮಾಡಬಹುದಿತ್ತು" ಎಂದರು. ಅವರು ಬೈಯಲಿಲ್ಲ. ಮನೆಗೆ ಬಂದು ಅಮ್ಮಿಗೆ ಹೇಳುವುದು ನಮಗೆ ಕಷ್ಟವಾಯಿತು. ಅಬ್ಬಾ ಬರೆದದ್ದರಲ್ಲಿ ನಮಗೆ ಉಳಿದದ್ದು ಅವರೇ ಪ್ರಿಂಟು ತೆಗೆದಿಟ್ಟ ನಲವತ್ತು ಪುಟ, 2008ರಲ್ಲಿ ಅವರು ಯಾಕೋ ಬರೆದಿಟ್ಟಿದ್ದ ಒಂದು ಸಿಡಿ. ಕೊನೆಯ ಮೂರು ವರ್ಷಗಳದ್ದು ಹೋಯಿತು.

ಕಂಪ್ಯೂಟರಿನಲ್ಲಿ ಕೈ ಹಾಕಿ ಕಲಿಯಬೇಕಾದ ಭಾಗಗಳಿವೆ. ಕೈ ತೆಗೆದುಬಿಡಬೇಕಾದ ಭಾಗವೂ ಒಂದಿದೆ. ರ‍್ಯಾಮ್, ಫ್ಯಾನು, ಕೀಬೋರ್ಡು, ಬೋರ್ಡು ಕೂಡ ಹಾಳಾದರೆ ಎಸ್.ಪಿ. ರಸ್ತೆಯಲ್ಲಿ ಇನ್ನೊಂದು ಸಿಗುತ್ತದೆ. ಡಿಸ್ಕು ಸಿಗುತ್ತದೆ, ಅದರೊಳಗಿನದು ಸಿಗುವುದಿಲ್ಲ. ಈ ವ್ಯತ್ಯಾಸವನ್ನು ನಾವು ತಡವಾಗಿ ಕಲಿತೆವು.

2020ರಲ್ಲಿ ಈ ಪಾಠಕ್ಕೆ ಪರೀಕ್ಷೆ ಬಂತು. ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಯಿತು, ಶಾಲೆಗಳು ಮುಚ್ಚಿದವು. ಜುಲೈ ಹೊತ್ತಿಗೆ ನಮ್ಮ ಮಕ್ಕಳ ಪಾಠ ಆನ್‌ಲೈನ್ ಆಯಿತು. ಮನೆಯಲ್ಲಿ ಮೂರು ಮಕ್ಕಳು, ಎರಡು ಮೊಬೈಲು. 2013ರಲ್ಲಿ ಜೋಡಿಸಿದ್ದ ನಮ್ಮ ಎರಡನೆಯ ಕಂಪ್ಯೂಟರು ಮಂಚದ ಕೆಳಗಿತ್ತು. ಅದನ್ನು ತೆಗೆದು ಹಾಕಿದರೆ ಎರಡು ಕ್ಷಣ ಫ್ಯಾನು ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ನಿಲ್ಲುತ್ತದೆ. ಆ ವಾರ ಬೆಂಗಳೂರಿನಲ್ಲಿ ಮತ್ತೆ ಲಾಕ್‌ಡೌನ್ ಇತ್ತು. ರಿಪೇರಿ ಹುಡುಗ ಊರು ಸೇರಿದ್ದ. ಈಗ ಅವನು ಹುಡುಗನಲ್ಲ, ಎರಡು ಮಕ್ಕಳ ತಂದೆ. ಈ ಸಲ ಏನನ್ನೂ ಮುಟ್ಟುವ ಮೊದಲು ಅವನಿಗೆ ಫೋನು ಮಾಡಿದೆವು.

"ಏನಾಗಿದೆ ಅಣ್ಣ?"

"ಕಂಪ್ಯೂಟರ್ ಹೋಗಿದೆ ಕಣಪ್ಪಾ."

"ಹೋಗಿದೆ ಅಂದ್ರೆ ನಂಗೆ ಹೇಗೆ ಗೊತ್ತಾಗ್ಬೇಕು? ಲೈಟು ಬರ್ತಿದ್ಯಾ? ಫ್ಯಾನು? ಕೂಗ್ತಿದ್ಯಾ? ಡಿಸ್ಕಿಂದ ಏನಾದ್ರೂ ಸದ್ದು? ಸುಟ್ಟ ವಾಸನೆ?"

ಒಂದೊಂದಾಗಿ ಹೇಳಿದೆವು. ಮೊದಲು ಹಾರ್ಡ್ ಡಿಸ್ಕಿನ ಎರಡೂ ಕೇಬಲ್ ಕಿತ್ತು ಪಕ್ಕಕ್ಕಿಡಿ ಎಂದ. ಡಿಸ್ಕು ಇಲ್ಲದೆಯೂ ಕಂಪ್ಯೂಟರು ಎಚ್ಚರವಾಗುತ್ತದೆ, ಹಾಗಾಗಿ ಪರೀಕ್ಷೆಯ ಹೊತ್ತಿಗೆ ಅದು ದೂರವಿರಲಿ ಎಂದು. ಆಮೇಲೆ ಡಿವಿಡಿ ಡ್ರೈವು, ಮುಂದಿನ ಯುಎಸ್‌ಬಿ ತಂತಿ, ಎರಡು ರ‍್ಯಾಮಿನಲ್ಲಿ ಒಂದು ಎಲ್ಲವನ್ನೂ ಕೀಳಿಸಿದ. ಬರಿ ಬೋರ್ಡು, ಪ್ರೊಸೆಸರು, ಒಂದು ರ‍್ಯಾಮ್ ಉಳಿಯಿತು. ಹಾಕಿದರೆ ಫ್ಯಾನು ನಿಲ್ಲದೆ ತಿರುಗಿತು, ಪರದೆಯಲ್ಲಿ ಅಕ್ಷರ ಮೂಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಒಂದೊಂದಾಗಿ ಮರಳಿ ಜೋಡಿಸುತ್ತ ಹೋದಾಗ ಎರಡನೆಯ ರ‍್ಯಾಮಿನ ಗಾಡಿಯಲ್ಲಿ ಧೂಳು ಗಟ್ಟಿಯಾಗಿದ್ದು ಪತ್ತೆಯಾಯಿತು.

ಮರುದಿನ ಬೆಳಿಗ್ಗೆ ಇನ್ನೊಂದು ತೊಂದರೆ. ಇಂಟರ್‌ನೆಟ್ ಇದೆ, ಆದರೆ ಪಾಠದ ಪುಟ ತೆರೆಯದು, 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬರುತ್ತದೆ. ಫೋನಿನಲ್ಲಿ ಅವನು ಕೇಳಿದ್ದು ಒಂದೇ ಪ್ರಶ್ನೆ: "ಮೂಲೇಲಿ ತಾರೀಕು ಏನಿದೆ ನೋಡಿ." 2012ರ ಜನವರಿ 1 ಎಂದಿತ್ತು. ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ಲಿರುತ್ತದೆ. ಕರೆಂಟಿಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ಕಂಪ್ಯೂಟರಿಗೆ ಇಂದು ಯಾವ ದಿನವೆಂದು ತಿಳಿಯುವುದಿಲ್ಲ, ಜಾಲತಾಣಗಳ ಸುರಕ್ಷತಾ ಪತ್ರ ಅದರ ಕಣ್ಣಿಗೆ ಅಸಿಂಧುವಾಗಿ ಕಾಣುತ್ತದೆ. ಕಂಪ್ಯೂಟರು ಅಂಗಡಿಗಳು ಮುಚ್ಚಿದ್ದವು. "ಮೆಡಿಕಲ್ ಸ್ಟೋರಲ್ಲಿ ಕೇಳಿ, ಶುಗರ್ ನೋಡೋ ಮೆಷಿನ್ನಿಗೂ ಇದೇ ಹಾಕ್ತಾರೆ" ಎಂದ. ಸಿಆರ್2032 ಎಂದು ಚೀಟಿಯಲ್ಲಿ ಬರೆದುಕೊಂಡು ಹೋದೆವು. ಸಿಕ್ಕಿತು.

ಆ ಕಂಪ್ಯೂಟರು ಇಂದಿಗೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಂಥ ಹಳೆಯ ಯಂತ್ರಗಳಲ್ಲಿ ಇಲ್ಲ. ಹೊಸದು ತಗೊಳ್ಳಿ ಎಂದು ಹೇಳಿದವರು ಹಲವರು. ಯಾವ ಭಾಗವೂ ಕೆಟ್ಟಿಲ್ಲದ ಯಂತ್ರವನ್ನು ಎಸೆಯಲು ನಮಗೆ ಮನಸ್ಸು ಬರಲಿಲ್ಲ. ಹಳೆಯ ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ ತುಂಬಿಸಿದೆವು. ಬರೆಯಲು, ಓದಲು, ಪಾಠ ಕೇಳಲು ಧಾರಾಳ ಸಾಕು. ಎಸ್‌ಎಸ್‌ಡಿಗೆ ತಿರುಗುವ ತಟ್ಟೆಯಿಲ್ಲ, ಆದ್ದರಿಂದ ಟಕ್ ಎಂಬ ಎಚ್ಚರಿಕೆಯೂ ಇಲ್ಲ. ಕೆಡುವುದಾದರೆ ಸದ್ದಿಲ್ಲದೆ ಕೆಡಬಹುದು ಎಂಬುದನ್ನು ಮಾತ್ರ ಮರೆಯಬಾರದು.

ನಿಜವಾಗಿಯೂ ಕೆಟ್ಟದ್ದನ್ನು ಏನು ಮಾಡಬೇಕು? ಗುಜರಿಗೆ ಹಾಕಿದರೆ ಎಷ್ಟೋ ಸಲ ಅದು ಯಾವುದೋ ಗಲ್ಲಿಯಲ್ಲಿ ಬಡವರ ಮಕ್ಕಳ ಕೈಗೆ ಹೋಗುತ್ತದೆ. ಅವರು ತಾಮ್ರಕ್ಕಾಗಿ ತಂತಿ ಸುಡುತ್ತಾರೆ, ಬೋರ್ಡಿನ ಮೇಲಿನ ಚೂರು ಚಿನ್ನಕ್ಕಾಗಿ ಆಸಿಡ್ಡಿನಲ್ಲಿ ಅದ್ದುತ್ತಾರೆ. ಆ ಹೊಗೆ, ಸೀಸದ ಆ ಧೂಳು ಅವರ ಎದೆಗೆ ಹೋಗುತ್ತದೆ. ಇ-ತ್ಯಾಜ್ಯಕ್ಕೆ ಅಧಿಕೃತ ಸಂಗ್ರಾಹಕರಿದ್ದಾರೆ, ಅವರಿಗೆ ಕೊಟ್ಟರೆ ಹಣ ಕಡಿಮೆ ಸಿಗಬಹುದು. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ ಟಚ್‌ಪ್ಯಾಡು ಮೇಲೆದ್ದಿದ್ದರೆ ಅದನ್ನು ಚುಚ್ಚಬೇಡಿ, ಚಾರ್ಜು ಮಾಡಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ.

ಅಬ್ಬಾರ ಸಿಡಿಯ ಬಗ್ಗೆ ಹೇಳಿ ಮುಗಿಸುತ್ತೇವೆ. ಲಾಕ್‌ಡೌನಿನ ದಿನಗಳಲ್ಲಿ ನಮ್ಮ ಹಿರಿಯ ಮಗಳು ಅದನ್ನು ಹಾಕಿ ನೋಡಿದಳು. ಫಾಂಟ್ ಇಲ್ಲದ್ದರಿಂದ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡಿತು. ಅವಳೂ "ದಾದಾ ಬರೆದದ್ದು ಹೋಗಿದೆ" ಎಂದೇ ಓಡಿಬಂದಳು. ಹೋಗಿರಲಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿದ್ದದ್ದನ್ನು ಯೂನಿಕೋಡಿಗೆ ಬದಲಿಸಿದಾಗ ಕನ್ನಡ ಕಾಣಿಸಿತು. ಪ್ರಿಂಟಿನಲ್ಲಿದ್ದ, ಸಿಡಿಯಲ್ಲಿ ಇಲ್ಲದ ಪುಟಗಳನ್ನು ಅವಳು ರಜೆಯಲ್ಲಿ ಕುಳಿತು ಟೈಪು ಮಾಡಿದಳು. ಈಗ ಅದರ ಒಂದು ಪ್ರತಿ ಕಂಪ್ಯೂಟರಿನಲ್ಲಿದೆ, ಇನ್ನೊಂದು ಬೇರೆ ಊರಿನಲ್ಲಿರುವ ತಂಗಿಯ ಮನೆಯ ಡಿಸ್ಕಿನಲ್ಲಿದೆ. ಮೂರನೆಯದು ಒಂದು ಪೆನ್ ಡ್ರೈವಿನಲ್ಲಿ, ಅಮ್ಮಿಯ ಟ್ರಂಕಿನಲ್ಲಿ, ಮನೆಯ ಪತ್ರಗಳ ಜೊತೆ. ವರ್ಷಕ್ಕೆ ಎರಡು ಸಲ ಅದನ್ನು ತೆಗೆದು, ತೆರೆಯುತ್ತದೆಯೇ ಎಂದು ನೋಡಿ ಮತ್ತೆ ಇಡುತ್ತೇವೆ.

ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೇ. ಇಂದು ಸಂಜೆ, ಕಂಪ್ಯೂಟರು ಸರಿಯಾಗಿರುವಾಗಲೇ, ಅದರಲ್ಲಿ ನಿಮ್ಮ ಮನೆಯವರದ್ದು ಏನೇನಿದೆ ಎಂದು ಒಮ್ಮೆ ನೋಡಿ. ಮತ್ತೆಲ್ಲೂ ಇಲ್ಲದ್ದು ಒಂದು ಕಡತವಿದ್ದರೂ ಅದರ ಪ್ರತಿ ತೆಗೆದಿಡಿ. ಆಮೇಲೆ ಬೇಕಾದರೆ ಸ್ಕ್ರೂಡ್ರೈವರ್ ಹಿಡಿಯಬಹುದು.